ಬೆನ್ನಿನ ಮಣ್ಣು

"ಇಷ್ಟ ಮೆಲ್ಲಗ ಹೊಡದ್ರ ಎದುರಿನಾಂವ ನಿದ್ದಿ ಮಾಡತಾನರಿ..."

ಸೋದರತ್ತೆಯ ಹಿತ್ತಲಿನ ಬೇವಿನ ಮರದ ಕೆಳಗೆ ರಾಜಶ್ರೀಯ ಕೈ ಗಾಳಿಯಲ್ಲೇ ನಿಂತಿತು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಒಂಬತ್ತು ವರ್ಷದಿಂದ ಆ ದನಿ ಬಾಡಿಗೆ ಕೊಡದೆ ಅವಳ ಎದೆಯಲ್ಲಿ ಮನೆ ಮಾಡಿಕೊಂಡಿತ್ತು.

ಗರಡಿಯ ಮೋಟುಗೋಡೆಯ ಆಚೆ ಚಿದಾನಂದ ನಿಂತಿದ್ದ. ಹೆಗಲ ಮೇಲೆ ಸಲಿಕೆ, ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕೂದಲು.

"ಹೊಡಿಯೂದಲ್ಲ ಇದು, ತೈಚಿ," ಅಂದಳು. "ಮ್ಯಾಲೆ ಬಂದವರಿಗೆ ದಾರಿ ಬಿಡೂದು."

"ಅದು ನಿಮಗ ಮೊದಲಿಂದಾನೂ ಬರತಿತ್ತಲ್ಲರಿ," ಅಂದು ಅವನು ಒಳಗೆ ಹೋದ.

ನಿಮಗ... ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ಅಲ್ಲೇ ಮರದ ಬುಡದಲ್ಲಿ ಕೂತಳು.

ಬನಹಟ್ಟಿಯ ನೂಲಿನ ವ್ಯಾಪಾರಿಯ ಮಗಳು ರಾಜಶ್ರೀ. ಚೀನಾದ ಶಾವೋಶಿಂಗ್ ಎಂಬ ಬಟ್ಟೆಯ ಊರಿನಲ್ಲಿ ಅವಳಿಗೆ ಕೆಲಸ. ಹಗಲೆಲ್ಲ ದೀಪದ ಮೇಜಿನ ಮೇಲೆ ಬಟ್ಟೆ ಹರಡಿ ತಪ್ಪು ಹುಡುಕುವುದು, ಸಂಜೆ ಆಕಾಶಕ್ಕೆ ತಾಗುವ ಕಟ್ಟಡದ ಪುಟ್ಟ ಕೋಣೆಗೆ ಹೋಗಿ ತನ್ನಲ್ಲೇ ತಪ್ಪು ಹುಡುಕಿಕೊಳ್ಳುವುದು. ಲಿಫ್ಟಿನಲ್ಲಿ ಎಲ್ಲರೂ ಬಾಗಿಲನ್ನೇ ನೋಡುತ್ತಿದ್ದರು. ಪಕ್ಕದ ಮನೆಯವರ ಹೆಸರು ಅವಳಿಗೆ ಇಂದಿಗೂ ಗೊತ್ತಿಲ್ಲ.

ಅಲ್ಲಿನ ಉದ್ಯಾನದಲ್ಲಿ ಒಬ್ಬ ಅಜ್ಜಿ ಅವಳಿಗೆ ತೈಚಿ ಎಂಬ ನಿಧಾನಗತಿಯ ಕಾಳಗದ ಕಲೆ ಕಲಿಸಿದಳು. ಜೊತೆಗೆ ಆ ನಾಡಿನ ಪುರಾತನ ತತ್ತ್ವವನ್ನೂ ಹೇಳಿದಳು: ಬಂದ ಬಲವನ್ನು ಎದುರಿಸಬೇಡ, ದಾರಿ ಕೊಡು, ಅದು ತಾನೇ ಸವೆಯುತ್ತದೆ. ಬದುಕಿ ಸುಸ್ತಾದವಳಿಗೆ ಇದಕ್ಕಿಂತ ಸಿಹಿ ಮಾತು ಇನ್ನೇನಿದೆ? ರಾಜಶ್ರೀ ಎಲ್ಲದಕ್ಕೂ ದಾರಿ ಬಿಟ್ಟಳು, ನೆನಪಿಗೂ ಬಿಟ್ಟಳು. ಆದರೆ ನೆನಪು ಬಾಗಿಲಾಚೆ ಹೋಗುವ ಗಿರಾಕಿಯಲ್ಲ.

ಒಂಬತ್ತು ವರ್ಷದ ಹಿಂದೆ, ಅವಳು ಚೀನಾಕ್ಕೆ ಹೊರಡಬೇಕಿದ್ದ ದಿನವೇ, ಚಿದಾನಂದನಿಗೆ ಜಮಖಂಡಿಯಲ್ಲಿ ದೊಡ್ಡ ಕುಸ್ತಿ ಇತ್ತು. ಗೆದ್ದು ಬೆಳ್ಳಿ ಕಡಗ ಹಾಕಿಕೊಂಡು ಬಂದು ನಿನ್ನಪ್ಪನ ಹತ್ತಿರ ನಿನ್ನನ್ನು ಕೇಳುತ್ತೇನೆ, ಆಮೇಲೆ ನೀನು ಎಲ್ಲಿಗೂ ಹೋಗಬೇಕಿಲ್ಲ ಎಂದು ಅವನು ಮಾತು ಕೊಟ್ಟಿದ್ದ. ಅವಳು ಬನಹಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಕಾದಳು. ಅವನು ಬಂದ. ಮೈಯೆಲ್ಲ ಕೆಮ್ಮಣ್ಣು, ಕೈಯಲ್ಲಿ ಕಡಗವಿಲ್ಲ. ಒಂದೇ ಒಂದು ಸಲ ಅವಳನ್ನು ನೋಡಿದ, ಮರುಗಳಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟ...

ಅವನು ಇಷ್ಟು ದೂರ ಬಂದದ್ದು ಬೆನ್ನು ತೋರಿಸಲಿಕ್ಕಾ? ಅವಳು ಬಸ್ ಹತ್ತಿದಳು. ನಂಬರು ಬದಲಿಸಿದಳು. ಅವನೂ ಹುಡುಕಲಿಲ್ಲ.

ಈಗ ಜಮಖಂಡಿಯಲ್ಲಿ ಗರಡಿಗೆ ಅಂಟಿಕೊಂಡೇ ಇರುವ ಸೋದರತ್ತೆ ಮುತ್ತವ್ವನ ಮನೆಯ ಮದುವೆಗೆಂದು ಬಂದಿದ್ದಳು. ಮದುವೆ ಮುಗಿದಿತ್ತು. ಸೋಮವಾರ ವಿಮಾನ. ಈ ಸಲ ಹೋದರೆ ಮತ್ತೆ ಬರುವುದಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿಕೊಂಡಿದ್ದಳು. ತೀರ್ಮಾನದಲ್ಲಿ ಸಿಟ್ಟೂ ಇರಲಿಲ್ಲ, ಬರೀ ಆಯಾಸ.

ಮರದ ಬುಡದಲ್ಲಿ ಕೂತಿದ್ದ ಅವಳ ಮುಖ ನೋಡಿದ ಮುತ್ತವ್ವ ಏನು ತಿಳಿದಳೋ, ಕುಸ್ತಿಯ ಮಣ್ಣಿಗೆ ಬೆರೆಸುವ ಮಜ್ಜಿಗೆಯ ಕೊಡವನ್ನು ಅವಳ ಕೈಗೆ ಕೊಟ್ಟಳು. ಆಗ ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ತುಳಿಯುವಂತಿರಲಿಲ್ಲ. ಈಗ ಚಿದಾನಂದನೇ ಅಲ್ಲಿ ಕುಸ್ತಿ ಕಲಿಸುವ ವಸ್ತಾದ, ಹುಡುಗಿಯರೇ ಹೆಚ್ಚು ಕಲಿಯುತ್ತಾರೆ, ನಿನ್ನನ್ನು ಯಾರೂ ತಡೆಯುವುದಿಲ್ಲ ಎಂದು ಅತ್ತೆ ದಬ್ಬಿಯೇ ಕಳಿಸಿದಳು.

ಒಳಗೆ ಅಕ್ಷತಾ ಎಂಬ ಹುಡುಗಿ ಗೆಳತಿಯ ಪಟ್ಟಿಗೆ ಸಿಕ್ಕಿ ಅಂಗಾತ ಬಿದ್ದಳು. ಎದ್ದವಳು ಅಳಲಿಲ್ಲ, ಮೈ ಕೊಡವಿಕೊಳ್ಳಲೂ ಇಲ್ಲ. ನೇರ ಮೂಲೆಯಲ್ಲಿ ಕೂತಿದ್ದ ಅಕ್ಕನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಅಕ್ಕ ಸುಮ್ಮನೆ ಸೆರಗಿನಿಂದ ಆ ಬೆನ್ನು ಒರೆಸಿದಳು.

ರಾಜಶ್ರೀ ಕೊಡ ಹಿಡಿದುಕೊಂಡೇ ಚಿದಾನಂದನ ಹತ್ತಿರ ಹೋದಳು.

"ಹಂಗ್ಯಾಕ ನಿಂತಳು ಆಕಿ?"

"ಈ ಗರಡಿ ಪದ್ಧತಿ ಅದು," ಚಿದಾನಂದ ಮಣ್ಣು ನೋಡುತ್ತಲೇ ಹೇಳಿದ. "ಸೋತಾಂವ ತನ್ನ ಬೆನ್ನ ತಾನ ಒರಸ್ಕೋಬಾರದು. ತನ್ನವರು ಅನ್ನೋರ ಮುಂದ ಹೋಗಿ ನಿಂದರಬೇಕು."

ಕೊಡ ಕೆಳಗಿಟ್ಟಳು. ಕಣ್ಣು ಮಂಜಾಯಿತು. ಅಯ್ಯೋ, ಅವನು ಮುಖ ತಿರುಗಿಸಿದ್ದಲ್ಲ... ನನ್ನನ್ನು ತನ್ನವಳೆಂದು ಕರೆದದ್ದು!

ಹುಡುಗಿಯರು ಒಬ್ಬೊಬ್ಬರಾಗಿ ಮನೆಗೆ ಹೊರಟರು. ಪಟ್ಟು ಕಲಿಸಲೆಂದು ಬಿದ್ದೆದ್ದ ವಸ್ತಾದನ ಬೆನ್ನಿಗೂ ಮಣ್ಣು ಮೆತ್ತಿತ್ತು. ಅದನ್ನು ಒರೆಸುವವರು ಅಲ್ಲಿ ಯಾರೂ ಇರಲಿಲ್ಲ.

"ನನಗ ಗೊತ್ತಿರಲಿಲ್ಲ ಚಿದು," ಅಂದಳು ರಾಜಶ್ರೀ. "ಬ್ಯಾಡ ಅಂತ ಬೆನ್ನ ತೋರಿಸಿದಿ ಅಂತ ತಿಳಕೊಂಡೆ. ಒಂದು ಮಾತು ಕೇಳಲಿಲ್ಲ... ದಾರಿ ಬಿಟ್ಟು ಹೋದೆ."

ಅವನು ಸಲಿಕೆಯನ್ನು ಗೋಡೆಗೆ ಒರಗಿಸಿದ.

"ಸೋತವನ ಬೆನ್ನ ಮುಟ್ಟಾಕ ನಿನಗ ಮನಸ್ಸ ಬರಲಿಲ್ಲ ಅಂತ ನಾ ತಿಳಕೊಂಡೆ. ಗರಡಿಯೊಳಗ ಬರದಾಕಿಗೆ ಗರಡಿ ಪದ್ಧತಿ ಹೆಂಗ ಗೊತ್ತಿರತೈತಿ ಅನ್ನೂದು ತೆಲಿಗೇ ಹೊಳಿಲಿಲ್ಲ."

ನಿನಗ ಅಂದಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು.

"ತಿರುಗು," ಅಂದಳು.

ಅವನು ಮಗುವಿನಂತೆ ತಿರುಗಿ ನಿಂತ. ಅವಳು ದುಪಟ್ಟಾದ ಅಂಚಿನಿಂದ ಮೆಲ್ಲಗೆ ಒರೆಸತೊಡಗಿದಳು. ಎಷ್ಟೋ ವರ್ಷದ ದಣಿವು ಅವಳ ಕೈಯಿಂದ ಇಳಿಯುತ್ತಿತ್ತು. ಅವನ ಹೆಗಲು ಅಲುಗಿದ್ದು ಕಂಡಿತು.

"ನೀ ದಾರಿ ಬಿಡಾಕ ಕಲ್ತಾಕಿ," ಅವನು ಆ ಕಡೆಗೇ ಮುಖ ಮಾಡಿ ಹೇಳಿದ. "ನಾ ಹಿಡಿಯಾಕ ಕಲ್ತಾಂವ. ಆದರೂ ಅವತ್ತ ಹಿಡೀಲಿಲ್ಲ. ಈಗ ಹಿಡಿತೇನಿ... ಹೋಗಬ್ಯಾಡ ರಾಜಿ."

ಅವಳು ಒರೆಸುತ್ತಲೇ ಇದ್ದಳು.

"ಮಣ್ಣ ಹೋತೇನು?" ಅವನು ಅಳುಕುತ್ತ ಕೇಳಿದ.

"ಇಲ್ಲ. ಒಂಬತ್ತು ವರ್ಷದ್ದು ಐತಿ. ಸೋಮವಾರದೊಳಗ ಮುಗಿಯಾಂಗಿಲ್ಲ."

ಬೆನ್ನು ಯಾವಾಗಲೋ ಸ್ವಚ್ಛವಾಗಿತ್ತು.