ಅಳತೆ ತೆಗೆಯದ ಹುಡುಗಿ

"ಒಂದು ಜೋಡಿ ಚಪ್ಪಲಿ ಮಾಡಿಕೊಡ್ರಿ... ನನ್ನ ಕಾಲಿಗೆ ಹೊಂದುವಂಥಾವು."

ನೀಲಾಬಾಯಿ ತಲೆ ಎತ್ತಲಿಲ್ಲ. ಅವಳ ಕಣ್ಣು ಹೆಣೆಯುತ್ತಿದ್ದ ಚರ್ಮದ ಪಟ್ಟಿಯ ಮೇಲೇ ಇತ್ತು.

"ಆರ್ಡರ್ ತಗೊಳ್ಳಂಗಿಲ್ರಿ. ತಯಾರ್ ಮಾಡಿದ್ದಾವು ಅಲ್ಲಿ ತೂಗ್ಹಾಕೇವಿ, ನೋಡಿಕೋರಿ."

"ಅವು ನನಗ ಬರೂದಿಲ್ರಿ."

"ಯಾಕ ಬರೂದಿಲ್ಲ? ಎಲ್ಲಾ ಸೈಜಿನಾವೂ..."

ಆಗ ತಲೆ ಎತ್ತಿದಳು. ಎತ್ತಿದವಳು ಹಾಗೇ ಉಳಿದುಬಿಟ್ಟಳು!

ಖಾಕಿ ಅಂಗಿಯ ಎತ್ತರದ ಆಳು. ಬಲಗಾಲು ಎಲ್ಲರ ಕಾಲಿನಂತೆಯೇ ಇತ್ತು. ಎಡಗಾಲಿಗೆ ಬೆರಳುಗಳೇ ಇರಲಿಲ್ಲ. ಅರ್ಧಕ್ಕೇ ಮುಗಿದ ಆ ಪಾದಕ್ಕೆ ಒಂದು ರಬ್ಬರ್ ಚಪ್ಪಲಿಯನ್ನು ಸುತಳಿಯಿಂದ ಸುತ್ತಿ ಸುತ್ತಿ ಕಟ್ಟಿಕೊಂಡಿದ್ದ.

"ಅವ್ವಾ!" ಎಂದು ಬಾಯಿಂದ ಬಂದೇ ಹೋಯಿತು.

ಅವನ ಮುಖ ಒಮ್ಮೆಲೇ ಕಪ್ಪಿಟ್ಟಿತು. "ಕಾರ್ಖಾನಿ ಮಷಿನ್ಯಾಗ ಸಿಕ್ಕಿತ್ರಿ, ಹೋದ ವರ್ಷ. ಹೆದರಬ್ಯಾಡ್ರಿ. ಕೊಲ್ಹಾಪುರಿ ಹಾಕ್ಕೊಳ್ಳಾಕ ಹೆಬ್ಬೆರಳು ಬೇಕಲ್ರಿ, ಅದs ಇಲ್ಲ. ಮೂರು ಅಂಗಡಿ ತಿರಿಗಿ ಬಂದೆ. ಹೋಗ್ಲಿ ಬಿಡ್ರಿ..."

ಕುಂಟುತ್ತಾ ತಿರುಗಿ ನಡೆದೇಬಿಟ್ಟ.

ನೀಲಾ ನಾಲಿಗೆ ಕಚ್ಚಿಕೊಂಡಳು. 'ನಾನು ಅಸಹ್ಯ ಪಟ್ಟೆ ಅಂತ ತಿಳ್ಕೊಂಡಾ! ದೇವರೇ, ಎಂಥಾ ಬಾಯಿ ನನ್ನದು!'

ಅವಳ ಕಷ್ಟ ಅವನಿಗೇನು ಗೊತ್ತು ಪಾಪ! ಮುಂಬಯಿಯ ಭಾಂಡುಪ್ ಸ್ಟೇಷನ್ನಿನ ಹಿಂದೆ, ಸಾಲುಮನೆಗಳ ಆ ಚಾಳಿನ ಕಟ್ಟೆಯ ಮೇಲೆ ಹದಿನೆಂಟು ವರ್ಷ ಕೂತು ಚಪ್ಪಲಿ ಮಾಡಿದವನು ಅವಳಪ್ಪ ನಿಂಗಣ್ಣ. ಚಪ್ಪಲಿಗೆ ಹೆಸರಾದ ಅಥಣಿ ಕಡೆಯ ಕೈ. ಗಿರಾಕಿಯ ಪಾದ ತೊಡೆಯ ಮೇಲೆ ಇಟ್ಟುಕೊಂಡು ಅಳತೆ ತೆಗೆಯುವುದು, ಚಪ್ಪಲಿಯ ಅಡಿಯ ಅಟ್ಟೆ ಕೊಯ್ಯುವುದು ಅಪ್ಪನ ಕೆಲಸ. ಪಟ್ಟಿ ಹೆಣೆಯುವುದು, ಹೊಲಿಯುವುದು ಅವ್ವ ಹಾಲವ್ವ ಮತ್ತು ನೀಲಾಳ ಕೆಲಸ. ಅವರ ಮಂದಿಯಲ್ಲಿ ಹೆಣ್ಣು ಪರಗಂಡಸಿನ ಕಾಲಿನ ಅಳತೆ ತೆಗೆದದ್ದನ್ನು ಕಂಡವರೂ ಇಲ್ಲ, ಕೇಳಿದವರೂ ಇಲ್ಲ.

ಹೋದ ದೀಪಾವಳಿಗೆ ಅಪ್ಪ ತೀರಿಕೊಂಡ. ಅವನು ಕೊಯ್ದಿಟ್ಟಿದ್ದ ಅಟ್ಟೆಗಳು ಮುಗಿಯುತ್ತಾ ಬಂದಿದ್ದವು. ತಯಾರಿ ಚಪ್ಪಲಿ ತೆಗೆದುಕೊಳ್ಳುತ್ತಿದ್ದ ದಾದರಿನ ಅಂಗಡಿಯವನು, ಈಗ ಎಲ್ಲರಿಗೂ ರಬ್ಬರಿನವೇ ಬೇಕು ಎಂದು ಕೈಯೆತ್ತಿದ್ದ. ಕಟ್ಟೆಗೆ ಬರುವವರೆಲ್ಲ ತಮ್ಮ ಕಾಲಿಗೆ ಹೊಂದುವಂತೆ ಮಾಡಿಕೊಡು ಎನ್ನುವವರೇ. ಆರ್ಡರ್ ತೆಗೆದುಕೊಂಡರೆ ಚಾಳಿನ ಬಾಯಿಗೆ ಆಹಾರ. ತೆಗೆದುಕೊಳ್ಳದಿದ್ದರೆ... ಊರಿಂದ ಕಾಕಾ ದಾನಪ್ಪ ಬಂದು ತಾಯಿ ಮಗಳನ್ನು ಕರೆದೊಯ್ಯುತ್ತಾನೆ. ಅಲ್ಲಿ ಅವನ ಹೆಂಡತಿಯ ಅಣ್ಣ, ಮೂರು ಮಕ್ಕಳ ವಿಧುರ, ನೀಲಾಳಿಗಾಗಿ ಕಾಯುತ್ತಿದ್ದಾನೆ. ಪತ್ರ ಬಂದು ವಾರವಾಗಿತ್ತು. ಅಮಾವಾಸ್ಯೆ ಕಳೆದ ರವಿವಾರ ಬರುತ್ತೇನೆ ಎಂದು ಬರೆದಿದ್ದ.

ಅತ್ತ ದರಿ, ಇತ್ತ ಪುಲಿ! ಇಂಥದರಲ್ಲಿ ಈ ಬೆರಳಿಲ್ಲದ ಕಾಲು ಬೇರೆ.

"ಏ... ಅಣ್ಣಾರs! ನಿಂದರ್ರಿ!"

ಅವನು ನಿಂತ.

"ನಾ ಕಾಲು ಮುಟ್ಟಿ ಅಳತಿ ತಗೊಳ್ಳಂಗಿಲ್ಲ. ಪೇಪರ್ ಮ್ಯಾಲೆ ಕಾಲಿಟ್ಟು ಪೆನ್ಸಿಲ್‌ನಿಂದ ಸುತ್ತ ಗೆರಿ ಎಳಕೊಂಡು ಬರ್ರಿ. ನೋಡೂಣು."

ಆ ಕಪ್ಪಿಟ್ಟ ಮುಖದ ಮೇಲೆ ಒಂದು ನಗು ಬಂತು ನೋಡಿ... ನೀಲಾ ಸರ್ರನೆ ತಲೆ ತಗ್ಗಿಸಿ ದಬ್ಬಣ ಹುಡುಕತೊಡಗಿದಳು. ದಬ್ಬಣ ಅವಳ ಕೈಯಲ್ಲೇ ಇತ್ತು!

---

ಅವನ ಹೆಸರು ಮರೆಪ್ಪ. ಸಿಂದಗಿ ಕಡೆಯವನು, ಹಿಂದೆ ಮುಂದೆ ಯಾರೂ ಇಲ್ಲ. ಹಳಿಯಾಚೆಯ ಚಾಳಿನ ಖೋಲಿಯಲ್ಲಿ ನಾಲ್ವರ ಜೊತೆ ಇದ್ದ. ಕಾರ್ಖಾನೆಯವರು ಸಣ್ಣಪುಟ್ಟ ಕೆಲಸಕ್ಕೆ ಇಟ್ಟುಕೊಂಡು, ಮುಂದೆ ಗೇಟಿನ ಡ್ಯೂಟಿ ಕೊಡುತ್ತೇವೆ ಎಂದಿದ್ದರು, ಆದರೆ ಸುತಳಿ ಕಟ್ಟಿಕೊಂಡು ಗೇಟಿನಲ್ಲಿ ನಿಲ್ಲುವಂತಿಲ್ಲ ಎಂದು ಸಾಹೇಬ ಕಡ್ಡಿ ಮುರಿದಂತೆ ಹೇಳಿದ್ದ.

ಪೇಪರ್ ತಂದುಕೊಟ್ಟ ಮೇಲೂ ಅವನು ದಿನಾ ಸಂಜೆ ಲೋಕಲ್ ರೈಲು ಇಳಿದವನು ಕಟ್ಟೆಯ ಕಡೆಯಿಂದಲೇ ಹಾಯ್ದು ಹೋಗುತ್ತಿದ್ದ. ಅದು ಅವನ ಚಾಳಿಗೆ ಹೋಗುವ ದಾರಿಯೇ ಅಲ್ಲ! ಹಾಲವ್ವನಿಗೆ ಅದು ಎರಡನೆಯ ದಿನವೇ ತಿಳಿಯಿತು. ನೀಲಾಳಿಗೆ ಮೊದಲ ದಿನವೇ ತಿಳಿದಿತ್ತು, ಹೇಳಿರಲಿಲ್ಲ ಅಷ್ಟೇ.

ಅಪ್ಪನ ಚರ್ಮ ಕೊಯ್ಯುವ ರಂಪಿಗೆ ಹಿಡಿದು ಮೊಟ್ಟಮೊದಲ ಬಾರಿ ಅಟ್ಟೆ ಕೊಯ್ದಾಗ ಗೆರೆ ತಪ್ಪಿ ಚರ್ಮವೇ ಹಾಳಾಯಿತು. ಅವತ್ತು ಮರೆಪ್ಪ ಬಂದಾಗ ಅವಳ ಕಣ್ಣು ಕೆಂಪಗಿದ್ದವು.

"ಅಪ್ಪ ಇಟ್ಟುಹೋದ ಚರ್ಮ ರೀ ಅದು... ಕೆಡಿಸಿಬಿಟ್ಟೆ. ಹಿಂಗs ಆದ್ರ ಕಾಕಾನ ಹಿಂದ ಊರಿಗೆ ಹೋಗೂದs."

"ನನ್ನ ಕಾಲು ಮಷಿನ್ಯಾಗ ಹೋದ ಮ್ಯಾಲೆ ನಾ ಒಂದು ತಿಂಗಳು ಎದ್ದು ನಿಂತಿರಲಿಲ್ರಿ," ಎಂದ ಅವನು ನಿಧಾನವಾಗಿ. "ಮೊದಲನೇ ಸಲ ನಿಂತಾಗ ಬಿದ್ದೆ. ಎರಡನೇ ಸಲಾನೂ ಬಿದ್ದೆ. ಬಿದ್ದಿದ್ದು ಯಾರೂ ನೋಡಲಿಲ್ಲಲ್ಲ ಅಂತ ಖುಷಿ ಆತು. ನೀವು ಕೆಡಿಸಿದ್ದನ್ನೂ ನಾ ಒಬ್ಬನs ನೋಡೇನಿ, ಬಿಡ್ರಿ."

ನೀಲಾ ನಕ್ಕಳು. ಅಪ್ಪ ಹೋದ ಮೇಲೆ ಅದೇ ಮೊದಲ ನಗು!

ಹೆಬ್ಬೆರಳು ತೂರಿಸುವ ಉಂಗುಟವಿಲ್ಲದ, ಹಿಮ್ಮಡಿಗೆ ಪಟ್ಟಿ ಬಿಗಿಯುವ ಎಡಚಪ್ಪಲಿಯೊಂದನ್ನು ಅವಳೇ ತಲೆ ಓಡಿಸಿ ಹೊಲಿದಳು. ಎಂಟನೆಯ ದಿನ ಮರೆಪ್ಪ ಅದನ್ನು ಹಾಕಿಕೊಂಡು ನಿಂತ. ಚಾಳಿನ ಮೂಲೆಯವರೆಗೆ ನಡೆದು ತಿರುಗಿ ಬಂದ. ಕುಂಟಲೇ ಇಲ್ಲ!

"ಹೊಂದ್ಯಾವ?" ಅವಳು ದಬ್ಬಣ ಕೆಳಗಿಟ್ಟು ಕೇಳಿದಳು.

"ಹೂವಿನಂಗ ಅದಾವ್ರಿ, ನೀಲಾಬಾಯಿಯವರs." ಅವನ ಕಣ್ಣಲ್ಲಿ ನೀರಿತ್ತು. "ಆರ್ಡರ್ ತಗೊಳ್ಳಂಗಿಲ್ಲ ಅಂತ ಇನ್ನ ಯಾರಿಗೂ ಅನಬ್ಯಾಡ್ರಿ."

ಆ ರಾತ್ರಿ ಅವಳು ಅವ್ವನಿಗೆ ಹೇಳಿದಳು, "ಪೇಪರ್ ಮ್ಯಾಲೆ ಅಳತಿ ತಗೊಂಡ್ರ ಆತಲ್ಲಬೇ! ಯಾರ ಕಾಲೂ ಮುಟ್ಟೂದು ಬ್ಯಾಡ, ಊರಿಗೆ ಹೋಗೂದೂ ಬ್ಯಾಡ!"

ಮರುದಿನದಿಂದ ಮರೆಪ್ಪ ಬರಲಿಲ್ಲ.

---

ಒಂದು ದಿನ. ನಾಲ್ಕು ದಿನ. ಹತ್ತು ದಿನ...

ಬೇರೆಯವರು ಬಂದರು. ಮರೆಪ್ಪ ಕಳಿಸಿದ ಎಂದು ಕಾರ್ಖಾನೆಯ ಇಬ್ಬರು ಪೇಪರ್ ಹಿಡಿದುಕೊಂಡೇ ಬಂದರು. ಅವನೆಲ್ಲಿ ಎಂದು ಕೇಳಿದರೆ ಮುಖ ಮುಖ ನೋಡಿಕೊಂಡು, ಅವಗ ಡ್ಯೂಟಿ ಭಾಳ ಐತ್ರಿ ಎಂದು ಜಾರಿಕೊಂಡರು.

ಶುಕ್ರವಾರ ಬೆಳಿಗ್ಗೆ ನೀಲಾ ಸ್ಟೇಷನ್ನಿನಲ್ಲಿ ಅವನನ್ನು ಕಂಡಳು. ಕಣ್ಣು ತಾನಾಗಿ ಅವನ ಕಾಲಿನ ಮೇಲೆ ಹೋಯಿತು.

ರಬ್ಬರ್ ಚಪ್ಪಲಿ! ಅದೇ ಸುತಳಿ!

ಅವನೂ ಅವಳನ್ನು ಕಂಡ. ಕಂಡವನೇ ಬಂದ ಲೋಕಲ್ಲಿನ ಗದ್ದಲದಲ್ಲಿ ನುಸುಳಿ ಮಾಯವಾದ.

'ಬಿಸಾಕ್ಯಾನ... ನನ್ನ ಕೈಲಿ ಮಾಡಿದ್ದನ್ನ ಬಿಸಾಕ್ಯಾನ. ಹೂವಿನಂಗ ಅದಾವ ಅಂದಿದ್ದು ಕನಿಕರಕ್ಕs? ತಂದಿ ಸತ್ತ ಹುಡುಗಿ, ಅಳಬಾರದು ಅಂತ ನಾಟಕ ಆಡಿದ್ನs?'

ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ತೆಗೆದುಕೊಂಡಿದ್ದ ಎರಡೂ ಪೇಪರುಗಳನ್ನು ಮಡಚಿ ಬದಿಗಿಟ್ಟಳು. ಮೊದಲ ಆರ್ಡರೇ ಹೀಗಾದ ಮೇಲೆ ಮುಂದಿನದು ಯಾವ ಮುಖ ಹೊತ್ತು ಮಾಡುವುದು? ಅಪ್ಪನ ಹೆಸರಿಗೆ ಮಸಿ ಬಳಿಯುವುದಕ್ಕೇ?

"ಯವ್ವಾ, ಗಂಟು ಕಟ್ಟು. ಕಾಕಾ ಬಂದ ಕೂಡ್ಲೇ ಹೋಗೂಣು."

"ಮತ್ತ ಆ ವಿಧುರ...?" ಹಾಲವ್ವನ ಬಾಯಿ ತಡವರಿಸಿತು.

"ಯಾರಾದ್ರೇನಬೇ. ಎಲ್ಲಾರೂ ಅಷ್ಟs."

ಹಾಗೆಂದವಳು ಗೋಡೆಗೆ ಮುಖ ಮಾಡಿ ಕೂತು ಅತ್ತಳು. ಅಪ್ಪ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ. ಊರಿಗಾಗಿ ಅಲ್ಲ, ವಿಧುರನಿಗಾಗಿಯೂ ಅಲ್ಲ. ಮರೆಪ್ಪನ ಆ ನಗು ಸುಳ್ಳಾಯಿತಲ್ಲ ಎಂದು ಅತ್ತಳು. ಪ್ರೀತಿ ಎಂಬ ಮಾತು ಆಗ ಮೊದಲ ಸಲ ಅವಳ ಮನಸ್ಸಿಗೆ ಬಂತು. ಬರುವ ಹೊತ್ತಾದರೂ ಎಂಥದು!

---

ಶನಿವಾರ ಮಧ್ಯಾಹ್ನ ಬಂಡೆಪ್ಪ ಎಂಬವನು ಪೇಪರ್ ಹಿಡಿದು ಕಟ್ಟೆಯ ಮುಂದೆ ನಿಂತ. ಮರೆಪ್ಪನ ಖೋಲಿಯವನೇ.

ನೀಲಾಳ ಸಿಟ್ಟು ನೆತ್ತಿಗೇರಿತು. "ನಿಮ್ಮ ಗೆಳೆಯ ಬಿಸಾಕಿದಂಥಾ ಚಪ್ಪಲಿ ಮಾಡೂಕಿ ಹತ್ರ ಯಾಕ ಬಂದೀರಿ? ಆರ್ಡರ್ ಬಂದ್ ಮಾಡೇನಿ. ಹೋಗ್ರಿ!"

"ಬಿಸಾಕ್ಯಾನ?" ಬಂಡೆಪ್ಪ ಬಾಯಿ ಬಿಟ್ಟ. "ಅಯ್ಯ ತಂಗೀ, ತಲಿದಿಂಬಿನ ಬಾಜೂಕ ಇಟ್ಕೊಂಡು ಮಲಗ್ಯಾನ! ನಿನ್ನೆಯಿಂದ ಜ್ವರ. ಬಾಯಿ ಬಿಡಬ್ಯಾಡ ಅಂತ ಆಣಿ ಹಾಕ್ಯಾನ, ಆದ್ರ ನಾ ಇನ್ನ ಹ್ಯಾಂಗ ಸುಮ್ನಿರ್ಲಿ? ಅವನ ಅಂಗಾಲಿನಾಗ ಎಲುಬು ಗಂಟಿನಂಗ ಎದ್ದೈತಿ. ನಿಮ್ಮ ಅಟ್ಟೆ ಅಲ್ಲೇ ಒತ್ತಿ ಒತ್ತಿ ಹುಣ್ಣಾತು. ರಕ್ತ ಸೋರಿದ್ರೂ ಒಂದು ವಾರ ಅದನ್ನs ಹಾಕ್ಕೊಂಡು ಡ್ಯೂಟಿ ಮಾಡಿದ. ಡಾಕ್ಟರ್ ಬೈದ ಮ್ಯಾಲೇ ರಬ್ಬರ್ ಕಟ್ಟಿಕೊಂಡ!"

ಗೆರೆ ಪಾದದ ಸುತ್ತಳತೆ ಹೇಳುತ್ತದೆ. ಅಂಗಾಲಿನ ಉಬ್ಬು ತಗ್ಗು ಹೇಳುವುದಿಲ್ಲ. ಅದು ಕೈಗಷ್ಟೇ ತಿಳಿಯುವುದು. ಅಪ್ಪ ಪ್ರತಿ ಪಾದವನ್ನೂ ಯಾಕೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಎಂಬುದು ನೀಲಾಳಿಗೆ ಈಗ ತಿಳಿಯಿತು.

ಅವಳು ಎದ್ದು ನಿಂತಳು.

"ಎಲ್ಲಿಗೆ?" ಹಾಲವ್ವ ಅಡ್ಡ ಬಂದಳು. "ಗಂಡಸರ ಖೋಲಿಗೆ? ಚಾಳಿಗೆ ಚಾಳೇ ನೋಡ್ತೈತಿ! ನಾಳೆ ನಿಮ್ಮ ಕಾಕಾ ಬರಾಂವ!"

"ನನ್ನ ಕೈಯಿಂದ ಒಬ್ಬರಿಗೆ ಹುಣ್ಣಾಗೇದಬೇ. ಹೋಗದs ಹ್ಯಾಂಗಿರ್ಲಿ?"

ಹಾಲವ್ವ ಮಗಳ ಮುಖವನ್ನು ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ತಡಿ. ಒಬ್ಬಾಕಿನ್ನ ಕಳಸ್ತೀನೇನ? ನಾನೂ ಬರ್ತೀನಿ."

---

ಮರೆಪ್ಪ ಗೋಡೆಗೆ ಒರಗಿ ಕೂತಿದ್ದ. ಅವಳನ್ನು ಕಂಡದ್ದೇ ಬ್ಯಾಂಡೇಜ್ ಸುತ್ತಿದ ಕಾಲನ್ನು ಕೌದಿಯೊಳಗೆ ಎಳೆದುಕೊಂಡ. ಬಾಗಿಲಲ್ಲಿ ಆಗಲೇ ನಾಲ್ಕಾರು ಹೆಂಗಸರು ನೆರೆದಿದ್ದರು.

ದಿಂಬಿನ ಪಕ್ಕದಲ್ಲಿದ್ದ ಚಪ್ಪಲಿಯನ್ನು ನೀಲಾ ಎತ್ತಿಕೊಂಡಳು. ಅಟ್ಟೆಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

"ಯಾಕ ಹೇಳಲಿಲ್ಲ?" ಅವಳು ಅದನ್ನು ಅವನ ಮುಂದೆ ಹಿಡಿದಳು. "ಹೂವಿನಂಗ ಅದಾವ ಅಂದ್ರಲ್ಲ! ಯಾಕ ಸುಳ್ಳು ಹೇಳಿದ್ರಿ?"

"ಅವತ್ತು ಹೂವಿನಂಗs ಇದ್ದವು..." ಅವನು ಅವಳತ್ತ ನೋಡಲಾರದೆ ಹೇಳಿದ. "ಮರುದಿನದಿಂದ ಒತ್ತಿತು. ಬಂದ್ರ ನನ್ನ ಮುಖ ನೋಡಿ ನಿಮಗ ತಿಳಿದುಬಿಡ್ತಿತ್ತು. ಮೊದಲನೇ ಆರ್ಡರೇ ಕೆಟ್ಟಿತು ಅಂತ ರಂಪಿಗಿ ಕೆಳಗಿಡ್ತಿದ್ರಿ. ಊರಿಗೆ ಹೋಗಿಬಿಡ್ತಿದ್ರಿ. ಅದಕ್ಕಿಂತ ಈ ಹುಣ್ಣs ಚಲೋ ಅನಿಸ್ತು ನನಗ."

"ನೀವು ಬರದs ಇದ್ದಿದ್ದಕ್ಕs ನಾ ಗಂಟು ಕಟ್ಟಿದೆ!"

ಮರೆಪ್ಪ ತಲೆ ಎತ್ತಿದ.

ನೀಲಾ ಕೆಳಗೆ ಕೂತಳು. ಕೌದಿ ಸರಿಸಿದಳು. ಎರಡೂ ಕೈಯಿಂದ ಅವನ ಎಡಗಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಏ, ಬ್ಯಾಡ್ರಿ!" ಅವನು ಕಾಲು ಎಳೆದುಕೊಳ್ಳಲು ನೋಡಿದ. "ಮಂದಿ ನೋಡಾಕತ್ತಾರ!"

"ನೋಡ್ಲಿ. ನಾ ಪೇಪರಿಗೆ ಚಪ್ಪಲಿ ಮಾಡಿದ್ದೆ, ನಿಮಗ ಮಾಡಿರಲಿಲ್ಲ. ಈಗ ನಿಮಗ ಮಾಡ್ತೀನಿ."

ಬಾಗಿಲಲ್ಲಿ ಗುಸುಗುಸು ಎದ್ದಿತು. ನೀಲಾ ಕೈ ತೆಗೆಯಲಿಲ್ಲ. ಹಿಂದೆ ಅವ್ವ ನಿಂತಿದ್ದಾಳೆ, ಈಗ ಚೀರುತ್ತಾಳೆ, ಕೈ ಹಿಡಿದು ಎಬ್ಬಿಸುತ್ತಾಳೆ ಎಂದು ಬೆನ್ನು ಬಿಗಿ ಹಿಡಿದು ಕಾದಳು.

"ಹಿಮ್ಮಡಿಯಿಂದ ಸುರು ಮಾಡು," ಎಂದಿತು ಹಾಲವ್ವನ ಧ್ವನಿ, ಸಣ್ಣಗೆ. "ನಿಮ್ಮಪ್ಪ ಅಲ್ಲಿಂದs ಸುರು ಮಾಡ್ತಿದ್ದ."

ನೀಲಾಳ ಕಣ್ಣೀರು ಅವನ ಬ್ಯಾಂಡೇಜಿನ ಮೇಲೆ ಬಿತ್ತು. ಹುಣ್ಣು ನೋಯದಂತೆ ಅವಳ ಕೈ ಹಿಮ್ಮಡಿಯಿಂದ ಮೆಲ್ಲಗೆ ಮುಂದೆ ಹೋಯಿತು. ಬ್ಯಾಂಡೇಜಿನ ಮೇಲಿಂದಲೇ ಉಬ್ಬಿದ ಎಲುಬು ಬೆರಳಿಗೆ ಸಿಕ್ಕಿತು. ಇಲ್ಲಿ ಅಟ್ಟೆಯಲ್ಲಿ ಕುಳಿ ಕೊಯ್ಯಬೇಕು, ಮೆತ್ತನೆಯ ತೊಗಲು ಹಾಕಬೇಕು... ಎಲ್ಲವೂ ಕೈಗೆ ತಿಳಿಯುತ್ತಾ ಹೋಯಿತು.

"ನೋವಾತs?"

"ಇಲ್ಲ."

"ಖರೇ ಹೇಳ್ರಿ!"

"ಆಗ್ತೈತಿ. ಸ್ವಲ್ಪ." ಅವನು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ಅವಳು ತಲೆ ಎತ್ತದೆಯೇ ಬಂಡೆಪ್ಪನಿಗೆ ಹೇಳಿದಳು, "ಅಣ್ಣಾರs, ಆ ಪೇಪರ್ ಒಗೀರಿ. ಸೋಮವಾರ ನಮ್ಮ ಕಟ್ಟಿ ಕಡೆ ಬರ್ರಿ, ನಿಮ್ಮ ಆರ್ಡರೂ ತಗೋತೀನಿ. ಕಾಲು ತೊಳಕೊಂಡು ಬರ್ರಿ!"

ಎಲ್ಲರೂ ನಕ್ಕರು. ಹಾಲವ್ವ ಆ ನಗುವಿನ ನೆಪದಲ್ಲಿ ಬಾಗಿಲ ಹೆಂಗಸರನ್ನು ಹೊರಗೆ ಕಳಿಸುತ್ತಾ ತಾನೂ ಹೊಸ್ತಿಲಾಚೆ ಹೋಗಿ ನಿಂತಳು. ಬಂಡೆಪ್ಪ ಅವಳ ಹಿಂದೆಯೇ ಜಾರಿದ.

ನೀಲಾ ಪಿಸುಗುಟ್ಟಿದಳು, "ನಾಳೆ ನಮ್ಮ ಕಾಕಾ ಬರ್ತಾನ. ಈಕಿ ಊರಿಗೆ ಬರಂಗಿಲ್ಲ ಅಂತ ಯಾರರೆ ಹೇಳಬೇಕು ಅವಗ."

"ಯಾಕ ಬರಂಗಿಲ್ಲ ಅಂತ ಕೇಳ್ತಾನಲ್ಲ?"

"ಕೇಳ್ತಾನ. ಏನಂತ ಹೇಳ್ತೀರಿ?"

ಮರೆಪ್ಪ ಈಗ ಅವಳ ಮುಖವನ್ನೇ ನೋಡಿದ. ಅವನ ಪಾದ ಇನ್ನೂ ಅವಳ ತೊಡೆಯ ಮೇಲೇ ಇತ್ತು.

"ಈಕಿ ಇಲ್ಲದಿದ್ರ ನನಗ ಆಗೂದಿಲ್ಲ ಅಂತ ಹೇಳ್ತೀನಿ, ನೀಲಾ. ಆದ್ರ ಅಲ್ಲಿ ತನಕ ನಡೀಲಿಕ್ಕೆ..."

"ನೀವು ಕುಂತs ಇರ್ರಿ," ಎಂದಳು ಅವಳು. "ಕಾಕಾನ್ನ ನಾನs ಇಲ್ಲಿಗೆ ಕರ್ಕೊಂಡು ಬರ್ತೀನಿ."