ಎಡಗಡೆಯ ರಾಟೆ

ಹಾಯಿಯನ್ನು ಹೆಗಲ ಮೇಲೆ ಹೊತ್ತು ನಾನು ಶೆಡ್ಡಿಗೆ ಹೋದಾಗ ಬಡಗಿ ದೋಣಿಯೊಳಗೆ ಮಂಡಿಯೂರಿ ಏನೋ ಉಜ್ಜುತ್ತಿದ್ದ. ಮೂಗಿನ ತುದಿಯಲ್ಲಿ ಮರದ ಹುಡಿ. ಒರೆಸಬೇಕೆನಿಸಿತು, ಒರೆಸಲಿಲ್ಲ. ನಾನು ಹಾಯಿ ಹೊಲಿಯುವವಳು, ಮೂಗು ಒರೆಸುವವಳಲ್ಲ.

"ಬಂದ್ರಾ ಹಾಯಿಯವರೇ? ದಾರಿ ಕಾಯ್ತಿದ್ದೆ."

"ನನ್ನ ದಾರಿನೋ, ಹಾಯಿ ದಾರಿನೋ?"

ಅವನು ಕಣ್ಣೆತ್ತಿ ನೋಡಿ ತಟ್ಟನೆ ಇಳಿಸಿಬಿಟ್ಟ. ಕಿವಿಗಳು ಕೆಂಪಾದವು. ಆ ಕಿವಿಗಳನ್ನು ನೋಡುವುದಕ್ಕೇ ನಾನು ಅಳತೆಯ ನೆಪ ಹೇಳಿಕೊಂಡು ಪದೇ ಪದೇ ಬರುತ್ತಿದ್ದೆ.

ಅದು ಒಬ್ಬರೇ ಕೂತು ಹೋಗುವ ಪುಟ್ಟ ದೋಣಿ. ಹಾಗೆಂದೇ ಹೇಳಿ ಅವನು ನನಗೆ ಹಾಯಿಯ ಆರ್ಡರ್ ಕೊಟ್ಟಿದ್ದ. ಈಗ ನೋಡಿದರೆ ಒಳಗೆ ಎರಡು ಸೀಟು! ಎರಡನೆಯದಕ್ಕೆ ಜಾಗ ಮಾಡಲು ಹಾಯಿಕಂಬವನ್ನೇ ಒಂದು ಗೇಣು ಮುಂದಕ್ಕೆ ಸರಿಸಿದ್ದ.

"ಈ ಸೀಟು ಯಾರಿಗೆ?"

"ಒಬ್ಬರಿದ್ದಾರೆ."

ಒಬ್ಬರಂತೆ! ಆ ಮಹಾರಾಣಿಯ ವಿಹಾರಕ್ಕೆಂದು ನಾನು ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿದೆನೇ? ಅಳು ಬಂತು. ಅದನ್ನು ನುಂಗಿ ಅವನ ಕೆಲಸದ ಮೇಲೆ ಹರಿಹಾಯ್ದೆ.

"ಕಂಬ ಮುಂದೆ ಹೋದ್ರೆ ಹಾಯಿನೂ ಮುಂದೆ ಹೋಗುತ್ತೆ. ಗಾಳಿ ಬಿದ್ದ ಕೂಡಲೇ ದೋಣಿ ಮೂತಿ ತಿರುಗಿಸ್ಕೊಂಡು ಹೇಳಿದ ಮಾತು ಕೇಳಲ್ಲ. ನಿಮ್ಮ 'ಒಬ್ಬರು' ನೀರಿಗೆ ಬೀಳ್ತಾರೆ, ಅಷ್ಟೇ."

ಅವನ ಮುಖ ಸಪ್ಪಗಾಯಿತು. "ಅಯ್ಯೋ, ಅದು ಹೊಳೀಲೇ ಇಲ್ಲ. ಹಾಗಾದ್ರೆ ಸೀಟು ಕೀಳಲಾ?"

ಕೀಳಿ ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಅಷ್ಟು ನುಣುಪಾಗಿ ಉಜ್ಜಿದ್ದ ಸೀಟು.

"ಬೇಡ. ಕಂಬವನ್ನ ಸ್ವಲ್ಪ ಹಿಂದಕ್ಕೆ ವಾಲಿಸಿ. ಕಂಬ ತೂರಿರೋ ಮೇಲಿನ ಹಲಗೆ ತೂತಿನಲ್ಲಿ, ಮುಂದುಗಡೆ ಒಂದು ಬೆಣೆ ಹೊಡೀರಿ."

ನಾನು ಕಂಬ ಹಿಡಿದೆ, ಅವನು ಬೆಣೆ ಹೊಡೆದ. ಆಮೇಲೆ ಇಬ್ಬರೂ ಸೇರಿ ಹಾಯಿಯನ್ನು ಕಂಬಕ್ಕೆ ಕಟ್ಟತೊಡಗಿದೆವು. ಅವನು ಆಚೆಯಿಂದ ದಾರ ತೂರಿಸುತ್ತಿದ್ದ, ನಾನು ಈಚೆಯಿಂದ ಎಳೆದುಕೊಳ್ಳುತ್ತಿದ್ದೆ. ಪ್ರತಿ ತೂತಿನಲ್ಲೂ ಬೆರಳು ಬೆರಳಿಗೆ ತಾಗುತ್ತಿತ್ತು.

ಕೊನೆಗೆ ಉಳಿದದ್ದು ಹಾಯಿಯನ್ನು ಎಳೆದು ಹಿಡಿಯುವ ಹಗ್ಗ. ಅದನ್ನು ರಾಟೆಯಲ್ಲಿ ತೂರಿಸಿ, ಎರಡನೆಯ ಸೀಟಿನಲ್ಲಿ ಕೂತು ಎಳೆದು ನೋಡಿದೆ. ಹಗ್ಗ ನೇರವಾಗಿ ಕೈಗೆ ಬಂತು. ಬೇರೆ ಯಾವ ದೋಣಿಯಲ್ಲೂ ನನಗೆ ಹಾಗೆ ಬಂದಿರಲಿಲ್ಲ.

"ರಾಟೆ ಎಡಗಡೆ ಹಾಕಿದೀರಲ್ಲ! ಎಲ್ರೂ ಬಲಗಡೆ ತಾನೇ ಹಾಕೋದು?"

"ಹಗ್ಗ ಹಿಡಿಯೋರು ಎಡಗೈಯವರು."

"ಎಡಗೈಯವರಾ? ಈ ಊರಲ್ಲಿ ಎಡಗೈಯವರು ಅಂದ್ರೆ..."

ಮಾತು ಅರ್ಧಕ್ಕೇ ನಿಂತಿತು. ಹಗ್ಗ ನನ್ನ ಎಡಗೈಯಲ್ಲೇ ಇತ್ತು. ಅವನ ಕಿವಿಗಳನ್ನು ನೋಡಿದೆ, ಕೆಂಡದಂತಿದ್ದವು. ಅಬ್ಬಾ! ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಾಯಿತು.

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳೋಕೆ ಬರಲ್ಲ. ಸೀಟು ಮಾಡೋಕೆ ಬರುತ್ತೆ."

"ಇವಳಿಗೂ ಅದೇ ರೋಗ," ಎಂದಿತು ಬಾಗಿಲಿನಿಂದ ಒಂದು ದನಿ. ನನ್ನ ಸೋದರತ್ತೆ, ಹೊಲಿಗೆಯ ಅಂಗಡಿ ಅವಳದೇ. "ಹಾಯಿ ಅಂಚು ನೋಡಪ್ಪಾ. ಊರಿಗೆಲ್ಲ ಎರಡು ಸಾಲು ಹೊಲಿಗೆ, ನಿನಗೆ ಮಾತ್ರ ಮೂರು. ನನ್ನ ದಾರವೇನು ಮರದಲ್ಲಿ ಬೆಳೆಯುತ್ತಾ?"

"ಅತ್ತೇ!"

ಈಗ ಕೆಂಪಾದದ್ದು ನನ್ನ ಕಿವಿಗಳು.

ದೋಣಿ ನೀರಿಗಿಳಿಯಿತು. ಎರಡನೆಯ ಸೀಟಿನಲ್ಲಿ ಹಗ್ಗ ಹಿಡಿದು ನಾನು, ಹಿಂದೆ ಚುಕ್ಕಾಣಿ ಹಿಡಿದು ಅವನು. ಹಾಯಿ ಒಮ್ಮೆ ಪಟಪಟನೆ ಬಡಿದು ಉಬ್ಬಿತು. ನಾನು ಉಸಿರು ಬಿಗಿಹಿಡಿದು ಕಾದೆ. ದೋಣಿ ಮೂತಿ ತಿರುಗಿಸಲಿಲ್ಲ. ಹೇಳಿದ ಕಡೆಗೇ ಹೋಯಿತು.

"ಕೈ ನೋಯುತ್ತೆ ನಿಮಗೆ. ಹಗ್ಗ ಗೂಟಕ್ಕೆ ಕಟ್ಟಿಬಿಡಿ," ಎಂದ ಅವನು ಹಿಂದಿನಿಂದ.

"ಕಟ್ಟಬಾರದು. ಜೋರು ಗಾಳಿ ಬಂದ್ರೆ ಬಿಟ್ಟುಬಿಡಬೇಕಾಗುತ್ತೆ."

"ನನ್ನನ್ನಾ?"

"ಹಗ್ಗವನ್ನ, ದಡ್ಡ! ನಿನ್ನನ್ನ ಯಾಕೆ ಬಿಡಲಿ?"

ಬಲಗೈ ಖಾಲಿಯಿತ್ತು. ಹಿಂದಕ್ಕೆ ತಿರುಗಿ ಅವನ ಮೂಗಿನ ಹುಡಿ ಒರೆಸಿದೆ.