ಗರಿಕೆ ಹೊದಿಸಿದ ಕೋಡಿ

ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ದೂರು ಬಂತು. ಎಂಟಕ್ಕೆ ಎಫ್.ಐ.ಆರ್. ದಾಖಲಾಯಿತು. ಹೊಸಕಣಿವೆ ಠಾಣೆಯಲ್ಲಿ ಅಷ್ಟು ಬೇಗ ಯಾವ ದೂರೂ ದಾಖಲಾದದ್ದಿಲ್ಲ.

1943ರ ಮೇ 18, ಮಂಗಳವಾರ. ದೂರು ತಂದವನು ಗೋಣಿಕಟ್ಟೆ ಗುಡ್ಡದ ಮ್ಯಾಂಗನೀಸ್ ಗಣಿಯ ಮ್ಯಾನೇಜರ್. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅದಿರು ತೊಳೆದ ರಾಡಿ ನಿಲ್ಲುವ ಹೊಂಡದ ಒಡ್ಡನ್ನು ಯಾರೋ ಕಡಿದಿದ್ದಾರೆ, ರಾಡಿಯೆಲ್ಲ ಗಣಿಯ ಗುಂಡಿಗೆ ಇಳಿದಿದೆ, ಗುಂಡಿಯಲ್ಲಿ ನಿಂತಿದ್ದ ಲಾರಿ ಬಾನೆಟ್ಟಿನವರೆಗೆ ಹೂತುಹೋಗಿದೆ, ಕೆಲಸ ನಿಂತಿದೆ.

“ಯುದ್ಧಕ್ಕೆ ಹೋಗೋ ಅದಿರು, ಇನ್‌ಸ್ಪೆಕ್ಟರೇ. ಇದು ಬರೀ ಒಡ್ಡು ಒಡೆದ ಕೇಸಲ್ಲ. ಭಾರತ ರಕ್ಷಣಾ ಕಾನೂನು ಹಾಕಿ,” ಎಂದ. ಆರೋಪಿಯ ಹೆಸರನ್ನೂ ಅವನೇ ಹೇಳಿದ. ನಿಯಾಜ್ ಅಹಮದ್. ಗೋಣಿಕಟ್ಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವನು.

“ಅವನೇ ಅಂತ ಹೇಗೆ ಹೇಳ್ತೀರಿ?”

“ಅರ್ಜಿ ಬರೆಯೋನು ಅವನೇ ಅಲ್ಲವೇ?”

ಅರ್ಜಿ ಎಂಬ ಮಾತು ಬಂದಾಗ ಸಬ್‌ಇನ್‌ಸ್ಪೆಕ್ಟರ್ ಕಲ್ಲೇಶಪ್ಪ ಮೂಲೆಯ ಬೀರುವಿನ ಕಡೆ ನೋಡಲಿಲ್ಲ. ಅದರಲ್ಲಿ ಗೋಣಿಕಟ್ಟೆಯ ಹನ್ನೊಂದು ಅರ್ಜಿಗಳಿದ್ದವು. ಮೊದಲನೆಯದು ಹಿಂದಿನ ಆಗಸ್ಟ್ ಮೂರರದ್ದು. ಗಣಿಯ ರಾಡಿ ಹಳ್ಳಕ್ಕೆ ಬಿದ್ದು ಕೆರೆ ಸೇರುತ್ತಿದೆ. ಸರ್ಕಾರಿ ಕಾಡಿನ ಗಾಡಿಜಾಡಿನಲ್ಲಿ ಲಾರಿ ಓಡಿಸುತ್ತಿದ್ದಾರೆ. ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಲಾರಿಗೆಂದು ಮರ ಕಡಿದು ಸುಡುತ್ತಿದ್ದಾರೆ. ದನಗಳು ನೀರಿಗೆ ಮೂತಿ ಇಡುತ್ತಿಲ್ಲ. ಹನ್ನೊಂದು ಅರ್ಜಿಗಳ ಮೂಲೆಯಲ್ಲೂ ಒಂದೇ ಬರಹ: ‘ನೋಡಿದೆ. ವಿಲೇ.’ ಕೆಳಗೆ ಕಲ್ಲೇಶಪ್ಪನ ಸಣ್ಣ ಸಹಿ. ಯುದ್ಧ ಮುಗಿಯುವವರೆಗೆ ಗಣಿಯ ತಂಟೆ ಬೇಡವೆಂದು ಮೇಲಿನವರು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಬಹುದೆಂದು ತಾನೇ ಅಂದುಕೊಂಡಿದ್ದ.

ಬೆಳಗ್ಗೆ 10-15ಕ್ಕೆ ಅವನು ದಫೇದಾರ್ ಮೌಲಾಸಾಬನೊಂದಿಗೆ ಗುಡ್ಡ ಹತ್ತಿದ. ನ್ಯಾಮತಿ ರಸ್ತೆ ಬಿಟ್ಟ ಮೇಲೆ ಸೈಕಲ್ ತಳ್ಳಬೇಕಾಯಿತು. ಗಾಡಿಜಾಡು ಮೊಣಕಾಲಾಳದ ಎರಡು ಕಾಲುವೆಯಾಗಿತ್ತು. ಇಕ್ಕೆಲದಲ್ಲಿ ಬುಡ ಮಾತ್ರ ಉಳಿದ ಮತ್ತಿ ಮರಗಳು. ಇದ್ದಿಲ ಗೂಡುಗಳು ಹೊಗೆಯಾಡುತ್ತಿದ್ದವು. ಹಳ್ಳ ದಾಟುವಲ್ಲಿ ಮೌಲಾಸಾಬ ನೀರಿಗೆ ಬೆರಳದ್ದಿ ಮೇಲೆತ್ತಿದ. ಬೆರಳು ಕಪ್ಪಾಗಿತ್ತು.

“ಹೋದ ತಿಂಗಳು ಇಲ್ಲೇ ಅಲ್ವಾ ಸ್ವಾಮಿ, ಸೌದೆ ಹೊರೆ ತಂದ ಹೆಣ್ಮಕ್ಕಳ ಕುಡುಗೋಲು ಫಾರೆಸ್ಟ್ ಗಾರ್ಡ್ ಕಿತ್ಕೊಂಡಿದ್ದು? ಕಾಡು ಹಾಳಾಗ್ತೈತೆ ಅಂತ?”

ಕಲ್ಲೇಶಪ್ಪ ಸೈಕಲ್ ಎತ್ತಿಕೊಂಡು ಹಳ್ಳ ದಾಟಿದ.

ಪಂಚನಾಮೆಗೆ ಊರಿನ ಪಟೇಲ ಮರುಳಪ್ಪ ಬಂದಿದ್ದ. ಹೊಂಡದ ಒಡ್ಡು ಮಣ್ಣಿನದು, ಆಳುದ್ದ. ಕಡಿದದ್ದು ಪೂರ್ವದ ಬದಿಯಲ್ಲಿ, ಅಗಲ ಎರಡು ಮೊಳ. ಅಲ್ಲಿಂದ ಹೊರಟ ಹೊಸ ಕಾಲುವೆ ನೇರವಾಗಿ ಗಣಿಯ ಗುಂಡಿಗೆ ಇಳಿದಿತ್ತು. ಪಶ್ಚಿಮದ ಬದಿ, ಹಳ್ಳದ ಕಡೆಯದು, ಹಾಗೆಯೇ ಇತ್ತು. ಅಲ್ಲಿದ್ದ ಕೊಳವೆಯಿಂದ ತಿಂಗಳುಗಟ್ಟಲೆ ಸುರಿದ ರಾಡಿಯ ಗುರುತು ಬಂಡೆಯ ಮೇಲೆ ಒಣಗಿತ್ತು. ಈಗ ಒಂದು ಹನಿ ಇರಲಿಲ್ಲ.

ಮೌಲಾಸಾಬ ಕಡಿದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಅವನು ಕೆರೆಬಿಳಚಿಯ ರೈತರ ಮನೆಯವನು.

“ಸ್ವಾಮಿ, ಒಡ್ಡು ಒಡ್ಯಾಕೆ ಬಂದೋನು ಇಷ್ಟು ಅಚ್ಚುಕಟ್ಟಾಗಿ ಒಡೀತಾನಾ?”

ಕೋಡಿಯ ತಳಕ್ಕೆ ಚಪ್ಪಟೆ ಕಲ್ಲು ಹಾಸಿತ್ತು, ಮಣ್ಣು ಕೊರೆಯದಂತೆ. ಎರಡೂ ಪಕ್ಕೆಗೆ, ಬೇರುಮಣ್ಣು ಸಮೇತ ಎತ್ತಿದ ಗರಿಕೆಯ ಹೆಂಟೆಗಳನ್ನು ಸಾಲಾಗಿ ಹೊದಿಸಿತ್ತು, ಹುಲ್ಲಿನ ಮುಖ ನೀರಿನ ಕಡೆಗೆ, ಬಾಯಿ ಅಗಲವಾಗದಂತೆ. ಪ್ರತಿ ಹೆಂಟೆಯ ಮೇಲೂ ಹಿಮ್ಮಡಿಯಿಂದ ತುಳಿದ ಗುರುತು.

“ಕಡಿದೋನು ಕೆಡವಾಕೆ ಬಂದಿಲ್ಲ. ನೀರು ಬಿಡಾಕೆ ಬಂದವ್ನೆ.”

“ಕೆಡವುವುದು, ಬಿಡುವುದು, ಏನಾದರೂ ಬರ್ಕೊಳ್ಳಿ,” ಎಂದ ಮ್ಯಾನೇಜರ್. “ನನ್ನ ಲಾರಿ ಹೋಯಿತು.”

ಕಲ್ಲೇಶಪ್ಪ ಸುತ್ತ ನೋಡಿದ. ಗಣಿಯ ಸುತ್ತ ಎಲ್ಲೂ ಒಂದೆಳೆ ಗರಿಕೆ ಇರಲಿಲ್ಲ. ಒಂದು ಹೆಂಟೆಯನ್ನು ಕಿತ್ತು ಬಟ್ಟೆಯಲ್ಲಿ ಕಟ್ಟಿಸಿದ.

ಸೋಮವಾರ ಕೂಲಿಗಳಿಗೆ ರಜೆ. ಇದ್ದವನು ಒಬ್ಬನೇ ಕಾವಲುಗಾರ. ಅವನ ಹೇಳಿಕೆ 11-30ಕ್ಕೆ.

“ನಿನ್ನೆ ಯಾರು ಬಂದಿದ್ದರು?”

“ಯಾರೂ ಬಂದಿಲ್ಲ ಸ್ವಾಮಿ. ಒಬ್ಬ ಹೆಂಗಸು ಬಿಟ್ರೆ.”

ಕಲ್ಲೇಶಪ್ಪ ‘ಯಾರೂ ಬಂದಿಲ್ಲ’ ಎಂದು ಬರೆದುಕೊಂಡ.

ಮಧ್ಯಾಹ್ನ ಎರಡಕ್ಕೆ ನಿಯಾಜ್‌ನನ್ನು ಠಾಣೆಗೆ ತಂದರು. ಇಪ್ಪತ್ತೆರಡು ವರ್ಷ. ಹೊನ್ನಾಳಿಯಲ್ಲಿ ಲೋಯರ್ ಸೆಕೆಂಡರಿ ಓದಿದವನು. ಕೈಗೆ ಕಲಾಯಿಗೆ ಬಳಸುವ ನವಸಾಗರದ ವಾಸನೆ ಹತ್ತಿತ್ತು.

“ಒಡ್ಡು ಕಡಿದೋನು ನೀನೋ?”

“ಅಲ್ಲ.”

“ಅರ್ಜಿ ಬರೆದೋನು?”

“ನಾನೇ. ಹನ್ನೊಂದು. ತಲುಪಿದಾವೋ ಇಲ್ಲವೋ ಅಂತ ಊರೋರಿಗೆ ಅನುಮಾನ ಇತ್ತು. ಈಗ ಗೊತ್ತಾಯ್ತು, ತಲುಪ್ಯಾವೆ.”

“ಬಾಯಿ ಜಾಸ್ತಿ ನಿಂಗೆ.”

“ಕೊಡ ತರ್ತಾರೆ ಸಾಹೇಬ್ರೆ ನನ್ನ ಹತ್ರ, ಕಲಾಯಿಗೆ. ಮೊದಲು ಎರಡು ವರ್ಸಕ್ಕೊಂದ್ಸಲ. ಈಗ ಎರಡು ತಿಂಗಳಿಗೆ. ಒಳಗೆ ಕರೀ ಹಕ್ಕಳೆ. ಉಗುರಿಗೆ ಬರಲ್ಲ, ಉಳಿಯಲ್ಲಿ ಕೆರೀಬೇಕು. ಅದೇ ನೀರು ಮಕ್ಕಳ ಹೊಟ್ಟೆಗೆ. ನನಗೆ ವ್ಯಾಪಾರ ಚೆನ್ನಾಗೈತೆ ಬಿಡ್ರಿ.”

ಮೌಲಾಸಾಬ ಠಾಣೆಯ ಹಿತ್ತಲಿನಿಂದ ಒಂದು ಸನಿಕೆ ತಂದು ನಿಯಾಜ್‌ನ ಕೈಗೆ ಕೊಟ್ಟ. “ಒಂದು ಹೆಂಟೆ ಎತ್ತಪ್ಪಾ ಇಲ್ಲಿ, ಹುಲ್ಲು ಸಮೇತ.”

ನಿಯಾಜ್ ಮೂರು ಸಲ ಕುಕ್ಕಿದ. ಮೊದಲನೆಯದು ಕಲ್ಲಿಗೆ, ಎರಡನೆಯದು ತನ್ನ ಕಾಲಿನ ಪಕ್ಕಕ್ಕೆ. ಮೂರನೆಯದರಲ್ಲಿ ಮೇಲೆದ್ದ ಮಣ್ಣು ಕೈಯಲ್ಲೇ ಪುಡಿಯಾಯಿತು.

“ಇವನ ಕೈಲಿ ಬಾಳೆಗಿಡದ ಪಾತಿ ಮಾಡಾಕೂ ಆಗಲ್ಲ ಸ್ವಾಮಿ,” ಎಂದ ಮೌಲಾಸಾಬ.

ಆದರೂ ನಿಯಾಜ್‌ನನ್ನು ಲಾಕಪ್ಪಿನಲ್ಲೇ ಇಟ್ಟರು. ಸಂಜೆ ಸರ್ಕಲ್ ಇನ್‌ಸ್ಪೆಕ್ಟರ ಕಚೇರಿಯಿಂದ ಚೀಟಿ ಬಂದಿತ್ತು: ಭಾರತ ರಕ್ಷಣಾ ಕಾನೂನಿನಡಿ ಆರೋಪಿಯನ್ನು ಗುರುವಾರ ಹಾಜರುಪಡಿಸಿ. ಅದರಡಿ ಹೋದವನು ಯಾವಾಗ ಹಿಂದಿರುಗುತ್ತಾನೆಂದು ಹೇಳಬಲ್ಲವರಿರಲಿಲ್ಲ. ಕಲ್ಲೇಶಪ್ಪನಿಗೆ ಉಳಿದದ್ದು ಒಂದು ದಿನ.

ಬುಧವಾರ ಬೆಳಗ್ಗೆ 7ಕ್ಕೆ ಅವನು ಹೆಂಟೆ ಕಟ್ಟಿದ ಬಟ್ಟೆ ಹಿಡಿದು ಮೌಲಾಸಾಬನೊಂದಿಗೆ ಗೋಣಿಕಟ್ಟೆಗೆ ಹೋಗಿ ಪಟೇಲನನ್ನು ಕರೆಸಿಕೊಂಡ. ಮೇ ತಿಂಗಳಲ್ಲಿ ಹಸಿರು ಗರಿಕೆ ಇರುವುದು ಒಂದೇ ಕಡೆ, ಕೆರೆ ಏರಿಯ ತೂಬಿನ ಬಳಿ. ಅಲ್ಲಿ ಚೌಕವಾಗಿ ಗರಿಕೆ ಎತ್ತಿದ ಜಾಗ ಸಿಕ್ಕಿತು. ಎತ್ತಿದವರು ಬರಿದಾದ ನೆಲಕ್ಕೆ ಹಸಿ ಮಣ್ಣು ಮೆತ್ತಿ, ಮತ್ತೆ ಹಬ್ಬಲೆಂದು ನಡುನಡುವೆ ಗರಿಕೆಯ ಬೇರು ನೆಟ್ಟಿದ್ದರು. ಕಲ್ಲೇಶಪ್ಪ ಹೆಂಟೆಯನ್ನು ಒಂದು ಅಂಚಿಗೆ ಇಟ್ಟು ನೋಡಿದ. ಸನಿಕೆ ಕಡಿದ ಗೆರೆ ಕೂಡಿತು.

“ಪಟೇಲರೇ, ಈ ಕೆಲಸ ಬಲ್ಲೋರು ಊರಲ್ಲಿ ಯಾರು?”

“ಗದ್ದೆಗೆ ನೀರು ಬಿಡೋ ನೀರುಗಂಟಿ, ಬೋರಣ್ಣ,” ಎಂದ ಮರುಳಪ್ಪ. “ತೀರಿಕೊಂಡನಲ್ಲ ಸ್ವಾಮಿ. ಕಾರ್ತೀಕದಲ್ಲಿ. ನೀವೇ ಬಂದು ಬರ್ಕೊಂಡು ಹೋದ್ರಿ.”

ಕಲ್ಲೇಶಪ್ಪನಿಗೆ ನೆನಪಿತ್ತು. ‘ಕಾಲು ಜಾರಿ ಕೆರೆಗೆ ಬಿದ್ದು ಆಕಸ್ಮಿಕ ಮರಣ’ ಎಂದು ಬರೆದಿದ್ದ.

“ಈಗ ತೂಬು ಎತ್ತುವವರು ಯಾರು?”

“ಇನ್ಯಾರು? ಅವನ ಹೆಂಡ್ತಿ. ಕೆಂಪಕ್ಕ.”

ಮೌಲಾಸಾಬ ಮೆಲ್ಲನೆ ಕೇಳಿದ: “ಸ್ವಾಮಿ, ಕಾವಲುಗಾರ ಹೆಂಗಸು ಅಂದಿದ್ನಲ್ಲ. ಅದನ್ನ ಬರ್ಕೊಂಡ್ರಾ?”

ಕೆಂಪಕ್ಕ ಏರಿಯ ಕೆಳಗೆ, ಕಾಲುವೆಯಲ್ಲಿ ನಿಂತಿದ್ದಳು. ಮೂವತ್ತೆರಡು ಮೂವತ್ತಮೂರು ವರ್ಷದ ಹೆಂಗಸು. ಗದ್ದೆಯ ಬಾಯಿಗೆ ಗರಿಕೆಯ ಹೆಂಟೆ ಇಟ್ಟು ಹಿಮ್ಮಡಿಯಿಂದ ತುಳಿಯುತ್ತಿದ್ದಳು. ಹುಲ್ಲಿನ ಮುಖ ನೀರಿನ ಕಡೆಗಿತ್ತು. ಪೊಲೀಸರನ್ನು ಕಂಡು ನಿಲ್ಲಿಸಲಿಲ್ಲ.

“ಗಣಿ ಹೊಂಡದ ಒಡ್ಡು ಕಡಿದವರು ಯಾರು ಕೆಂಪಕ್ಕ?”

“ನಾನು.”

“ಜೊತೆಗೆ?”

“ಸನಿಕೆ, ಬುಟ್ಟಿ.”

“ಯಾವಾಗ?”

“ಸೋಮವಾರ, ಹೊತ್ತು ನೆತ್ತಿಗೆ ಬಂದಾಗ. ಕಾವಲುಗಾರ ಗುಂಡೀಲಿ, ಲಾರಿ ನೆಳ್ಳಿಗೆ ಮಲಗಿದ್ದ. ಎಬ್ಬಿಸಿ, ಮ್ಯಾಲಕ್ಕೆ ಹೋಗಿ ಮಲಗಪ್ಪಾ, ಇಲ್ಲಿ ನೀರು ಬರ್ತೈತೆ ಅಂದೆ. ಹೋದ. ಅವನು ಹೋದ ಮ್ಯಾಲೆ ಬಿಟ್ಟೆ.”

ಮೌಲಾಸಾಬ ಮುಖ ತಿರುಗಿಸಿದ. ನಗುವೋ ಏನೋ ಕಾಣಿಸಲಿಲ್ಲ.

“ನಿನ್ನೆ ನಿಯಾಜ್‌ನನ್ನು ಹಿಡಿದೆವು. ಯಾಕೆ ಬರಲಿಲ್ಲ?”

“ಮೂಡಲ ಗದ್ದೆಗೆ ನೀರಿನ ಸರದಿ ಇತ್ತು ಸ್ವಾಮಿ. ಇವತ್ತು ಮುಗೀತೈತೆ. ಮುಗಿಸಿ ಬರೋಳು. ನೀವೇ ಬಂದ್ರಿ.” ಆಕೆ ಇನ್ನೊಂದು ಹೆಂಟೆ ಎತ್ತಿಕೊಂಡಳು. “ಆ ಹುಡುಗನ್ನ ಬಿಡ್ರಿ. ಅವನ ಕೈಲಿ ಸನಿಕೆ ಕೊಟ್ರೆ ಕಾಲು ಕಡ್ಕೊತಾನೆ.”

ಬೆಳಗ್ಗೆ 9-20ಕ್ಕೆ ಕೆಂಪಕ್ಕನನ್ನು ದಸ್ತಗಿರಿ ಮಾಡಲಾಯಿತು. ಸನಿಕೆಯನ್ನು ವಶಕ್ಕೆ ತೆಗೆದುಕೊಂಡರು. ಹತ್ತೂವರೆಗೆ ನಿಯಾಜ್ ಹೊರಬಂದ.

ಠಾಣೆಯಲ್ಲಿ ಕಲ್ಲೇಶಪ್ಪ ಹೇಳಿಕೆ ಬರೆಯತೊಡಗಿದ. ‘ಗಂಡನ ಸಾವಿನ ದುಃಖದಿಂದ ಬುದ್ಧಿ ಸ್ಥಿಮಿತದಲ್ಲಿಲ್ಲದೆ’ ಎಂದು ಬರೆದು, ಆಕೆಗೆ ಓದಿ ಹೇಳಿದ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಅವನಿಗೆ ಅನ್ನಿಸಿತ್ತು. ಅಂಥ ಹೆಂಗಸಿಗೆ ಶಿಕ್ಷೆ ಕಡಿಮೆಯಾಗುತ್ತದೆ.

“ಹಂಗೆ ಬರೀಬ್ಯಾಡ್ರಿ.”

“ನಿನ್ನ ಒಳ್ಳೇದಕ್ಕೇ.”

“ಸುಳ್ಳದು. ನನ್ನ ಬುದ್ಧಿ ನೆಟ್ಟಗೈತೆ. ಅವತ್ತೂ ನೀವು ಸುಳ್ಳೇ ಬರೆದ್ರಿ. ಅವರು ಕಾಲು ಜಾರಿ ಬಿದ್ದಿಲ್ಲ. ತೂಬಿನ ಕಣ್ಣಿಗೆ ರಾಡಿ ಕಟ್ಟಿತ್ತು. ಬಿಡಿಸಾಕೆ ಮುಳುಗಿದ್ರು. ಎದೆಮಟ ರಾಡಿ, ಕಾಲು ಕೀಳಾಕೆ ಆಗಲಿಲ್ಲ. ನಾನು ಏರಿ ಮ್ಯಾಲೆ ಹಗ್ಗ ಹಿಡ್ಕೊಂಡು ನಿಂತಿದ್ದೆ. ನೀವು ನನ್ನ ಕೇಳಲೇ ಇಲ್ಲ.”

ಕಲ್ಲೇಶಪ್ಪನ ಲೇಖನಿ ನಿಂತಿತು.

“ಹಾಗಾದರೆ ಅದೇ ಸಿಟ್ಟಿಗೆ ಕಡಿದದ್ದಲ್ಲವೆ?”

“ಅಲ್ಲ. ಅವರು ಹೋದ್ರು. ಒಡ್ಡು ಕಡಿದ್ರೆ ಬರ್ತಾರಾ?” ಆಕೆಯ ದನಿ ಏರಲಿಲ್ಲ. “ಇನ್ನು ಹದಿನೈದು ದಿನಕ್ಕೆ ಮುಂಗಾರು. ಆ ಹೊಂಡ ಒಂದೇ ಮಳೆಗೆ ತುಂಬಿ ಹಳ್ಳದ ಕಡೆ ಒಡೀತಿತ್ತು. ವರ್ಸದ ರಾಡಿ ಅಷ್ಟೂ ಒಂದೇ ದಿನ ಕೆರೆಗೆ. ಆಮ್ಯಾಲೆ ಕೆರೆ ಇಲ್ಲ. ಮ್ಯಾನೇಜರಿಗೆ ಹೇಳ್ದೆ, ನಾಯಿ ಬಿಟ್ಟ. ನಿಮಗೆ ಹೇಳಿದ್ವಿ, ಹನ್ನೊಂದು ಸಲ. ಇನ್ಯಾರಿಗೆ ಹೇಳಾಣ? ನೀರನ್ನ ಯಾವ ಕಡೆ ಬಿಡಬೇಕು ಅನ್ನೋದು ನನ್ನ ಕೆಲಸ. ಬಿಟ್ಟೆ. ಅವರ ರಾಡಿ, ಅವರ ಗುಂಡೀಗೆ.”

ಅವನು ಬರೆದದ್ದನ್ನು ಹೊಡೆದುಹಾಕಿ, ಆಕೆ ಹೇಳಿದಂತೆಯೇ ಬರೆದ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದೂ ತಿಳಿಸಿದ. ಬೇಕಿದ್ದರೆ ಮ್ಯಾಜಿಸ್ಟ್ರೇಟರ ಎದುರು ಸುಮ್ಮನಿರಬಹುದು.

“ಸುಮ್ಮನಿರಾಕೆ ಅಷ್ಟು ದೂರ ಯಾಕೆ ಬರಲಿ?” ಎಂದಳು.

ಮೇ 20, ಗುರುವಾರ, 11 ಗಂಟೆ. ಮ್ಯಾಜಿಸ್ಟ್ರೇಟರು ಮ್ಯಾನೇಜರನನ್ನೂ ಪೊಲೀಸರನ್ನೂ ಹೊರಗೆ ಕಳಿಸಿ, ಆಕೆಗೆ ಒತ್ತಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೇಳಿಕೆಯನ್ನು ಸ್ವಂತ ಕೈಯಲ್ಲಿ ಬರೆದುಕೊಂಡರು. ಒಂದು ಗಂಟೆ ಹಿಡಿಯಿತು. ಆಮೇಲೆ ಕಲ್ಲೇಶಪ್ಪನನ್ನು ಒಳಗೆ ಕರೆಸಿದರು.

“ಈಕೆ ಹನ್ನೊಂದು ಅರ್ಜಿ ಅನ್ನುತ್ತಾಳೆ. ಇವೆಯೆ?”

ಇಲ್ಲ ಎನ್ನಬಹುದಿತ್ತು. ಬೀರುವಿನ ಬೀಗದ ಕೈ ಅವನ ಬಳಿಯೇ ಇತ್ತು. ಮೌಲಾಸಾಬ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದ.

“ಇವೆ ಸ್ವಾಮಿ,” ಎಂದು ಕಲ್ಲೇಶಪ್ಪ, ಬೆಳಗ್ಗೆ ಬೀರುವಿನಿಂದ ಚೀಲಕ್ಕೆ ಹಾಕಿಕೊಂಡಿದ್ದ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟ.

ಮ್ಯಾಜಿಸ್ಟ್ರೇಟರು ಒಂದೊಂದನ್ನೇ ಮಗುಚಿದರು. ಮೂಲೆಯ ಸಹಿಯ ಮೇಲೆ ಪ್ರತಿ ಸಲವೂ ಅವರ ಬೆರಳು ನಿಂತಿತು. ಸನಿಕೆ, ಗರಿಕೆಯ ಹೆಂಟೆ, ಹನ್ನೊಂದು ಅರ್ಜಿ, ಎಲ್ಲವಕ್ಕೂ ಸಾಕ್ಷ್ಯವೆಂದು ನಿಶಾನೆ ಸಂಖ್ಯೆ ಬಿತ್ತು. ಭಾರತ ರಕ್ಷಣಾ ಕಾನೂನನ್ನು ಕೈಬಿಟ್ಟು, ಆಸ್ತಿ ನಷ್ಟ ಮಾಡಿದ ಕಲಮಿನಡಿ ಮಾತ್ರ ಕೆಂಪಕ್ಕನನ್ನು ವಿಚಾರಣೆಯವರೆಗೆ ಬಂದೀಖಾನೆಗೆ ಕಳಿಸಿದರು. ಹೋಗುವಾಗ ಆಕೆ ಮೌಲಾಸಾಬನಿಗೆ ಹೇಳಿದಳು: “ತೂಬಿನ ಹತ್ರ ನೆಟ್ಟಿರೋ ಗರಿಕೆಗೆ ನೀರು ಹಾಕಾಕೆ ಪಟೇಲರಿಗೆ ಹೇಳ್ರಿ ಸಾಬ್ರೆ. ಒಣಗಿದ್ರೆ ಏರಿ ಜರಿತೈತೆ.”

ಸಂಜೆ 5-10ಕ್ಕೆ ಕಲ್ಲೇಶಪ್ಪ ಠಾಣೆಗೆ ಮರಳಿ ಎಫ್.ಐ.ಆರ್. ಪುಸ್ತಕ ತೆರೆದ. ಸಾರ್ವಜನಿಕ ಕೆರೆಯ ನೀರನ್ನು ಕೆಡಿಸಿದ ಅಪರಾಧ, ದಂಡಸಂಹಿತೆ ಕಲಂ 277. ಕಾನೂನಿನಲ್ಲಿ ಅದು ಅವನು ಹುಟ್ಟುವ ಮೊದಲಿನಿಂದಲೂ ಇತ್ತು. ಆರೋಪಿ, ಗಣಿಯ ಮ್ಯಾನೇಜರ್. ದೂರು ಬಂದ ದಿನ, 3-8-1942. ದಾಖಲಾದ ದಿನ, 20-5-1943.

ಮುಂದಿನ ಅಂಕಣದಲ್ಲಿ ‘ತಡಕ್ಕೆ ಕಾರಣ’ ಎಂದು ಅಚ್ಚಾಗಿತ್ತು. ಅವನು ಲೇಖನಿಯನ್ನು ಮಸಿಗೆ ಅದ್ದಿ, ಅಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದ.